ಉರ್ಹೊ ತಿರುಗಿಸಿ ಹಾಕಿದ ಟೈರು

ಟೋಯ್ವೋಲಾ, ಮಿಷಿಗನ್
ನವೆಂಬರ್ ೧೮, ೧೯೮೬

ಪ್ರೀತಿಯ ರೇನೊ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತಾ? ದಿನವಿಡೀ ಹಡಗಿನ ಅಡುಗೆಮನೆಯಲ್ಲಿ ನಿಂತು ಅಷ್ಟು ಜನಕ್ಕೆ ಬೇಯಿಸಿ ಹಾಕುವ ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ, ದೇವರಿಗೇ ಗೊತ್ತು. ಉಣ್ಣೆಯ ಕಾಲುಚೀಲ ಕಳಿಸಿದ್ದೆ, ಸಿಕ್ಕಿತಾ? ನಾನು ಚೆನ್ನಾಗಿದ್ದೇನೆ. ಹಾಗಂತ ಬರೆಯಬೇಕಲ್ಲ, ಬರೆದಿದ್ದೇನೆ. ಸರೋವರ ಹೆಪ್ಪುಗಟ್ಟಿ ಹಡಗು ನಿಂತ ಮೇಲೆ, ಜನವರಿಯಲ್ಲಿ ಯಾವತ್ತು ಮನೆಗೆ ಬರ್ತೀಯ ಅಂತ ಎರಡು ಕಾಗದದಲ್ಲಿ ಕೇಳಿದೆ. ಎರಡಕ್ಕೂ ಉತ್ತರ ಬರೆದಿದ್ದೀಯ. ಗಾಳಿ, ಅಲೆ, ಕ್ಯಾಪ್ಟನ್ನನ ಹಲ್ಲುನೋವು ಎಲ್ಲ ಇದೆ, ಅದೊಂದು ಬಿಟ್ಟು.

ಈಗ ನಿನ್ನ ತಮ್ಮ ಉರ್ಹೊನ ವಿಷಯ. ಪ್ರತಿವರ್ಷ ನವೆಂಬರಿನಲ್ಲಿ ನೀನೇ ರಜೆ ಹಾಕಿ ಬಂದು, ನಮ್ಮ ಪುಟ್ಟ ಟ್ರ್ಯಾಕ್ಟರಿನ ಟೈರನ್ನು ಹಿಮಕ್ಕೆ ಸಜ್ಜು ಮಾಡಿ ಹೋಗ್ತಿದ್ದೆ. ಆಮೇಲೆ ಜನವರಿ ತನಕ ಉರ್ಹೊ ಮೂತಿ ಊದಿಸಿಕೊಂಡು ದಾರಿಯ ಹಿಮ ತೆಗೀತಿದ್ದ. ಈ ಸಲ ರಜೆ ಸಿಗಲಿಲ್ಲ ಅಂದೆ. ಸರಿ. ಆದರೆ ಕರೆಯದೇ ಅವನು ಯಾಕೆ ಬಂದ? ಸೂರು ಸೋರುವಾಗ ಏಣಿ ಕೊಡೋದಕ್ಕೂ ಮೀನಮೇಷ ಎಣಿಸಿದ ಮಹಾರಾಯ, ತನ್ನ ಮನೆಯಿಂದಲೇ ಉಪ್ಪಿನ ಮೂಟೆ ಹೊತ್ತು ತಂದಿದ್ದ! ಬೇಸಿಗೆಗೆ ಖಾಲಿ ಮಾಡಿದ್ದ ಟೈರಿಗೆ ಉಪ್ಪುನೀರು ಕಲಸಿ ತುಂಬಿಸಿದ. "ಬರೀ ನೀರಾದ್ರೆ ಒಳಗೇ ಗಡ್ಡೆ ಕಟ್ಟುತ್ತೆ ಅತ್ತಿಗೆ, ಭಾರ ಇಲ್ದಿದ್ರೆ ಚಕ್ರ ನಿಂತಲ್ಲೇ ಸುತ್ತುತ್ತೆ" ಅಂತ ನನಗೇ ಪಾಠ. ಇಷ್ಟು ವರ್ಷ ನಿನ್ನ ಜೊತೆ ಬಾಳಿದವಳಿಗೆ ಇದು ಗೊತ್ತಿಲ್ಲವಾ? ಟ್ರ್ಯಾಕ್ಟರನ್ನು ತನ್ನ ಶೆಡ್ಡಿಗೆ ಹೊಡೆದುಕೊಂಡು ಹೋಗೋ ಹುನ್ನಾರ ಇದು ಅಂದುಕೊಂಡೆ. ಪಾತ್ರೆ ತೊಳೆಯೋ ನೆಪದಲ್ಲಿ ಕಿಟಕಿ ಬಿಟ್ಟು ಅಲ್ಲಾಡಲಿಲ್ಲ.

ಆಮೇಲೆ ಹೊರಗೆ ಹೋಗಿ ನೋಡ್ತೀನಿ, ಎಡಗಡೆ ಚಕ್ರ ಬಲಕ್ಕೆ, ಬಲದ್ದು ಎಡಕ್ಕೆ! ಟೈರಿನ ಹಲ್ಲೆಲ್ಲ ಹಿಂದುಮುಂದು. ಹಿಮ ಎಸೆಯೋ ಯಂತ್ರ ಹಿಂದುಗಡೆ ಇರೋದು, ಚಳಿಗಾಲವಿಡೀ ಗಾಡಿ ಹಿಮ್ಮುಖವಾಗೇ ಓಡಬೇಕು, ಅದಕ್ಕೆ ಹಲ್ಲೂ ಹಿಮ್ಮುಖವಾಗೇ ಕಚ್ಚಬೇಕು ಅನ್ನೋದು ನಿನ್ನ ವಾದ ತಾನೆ? ಊರಲ್ಲಿ ಇನ್ನೊಬ್ಬ ಹಾಗೆ ಮಾಡಲ್ಲ. ಉರ್ಹೊ ಅಂತೂ ಪ್ರತಿ ಶನಿವಾರ ಸೌನಾದ ಹಬೆಯಲ್ಲಿ ಬೆವರುತ್ತಾ, "ಟೈರಿಗೆ ಸರಪಳಿ ಸುತ್ತಿದ್ರೆ ಸಾಕು, ಅಣ್ಣಂಗೆ ತಲೆ ಕೆಟ್ಟಿದೆ" ಅಂತ ನಗುವವನು. ತನಗಾಗಿ ಮಾಡಿದ್ದರೆ ತನ್ನ ರೀತಿಯಲ್ಲೇ ಮಾಡ್ತಿದ್ದ. ಇದು ನೀನು ಹೇಳಿ ಮಾಡಿಸಿದ ಕೆಲಸ. ರಜೆ ಇಲ್ಲ ಅಂತ ನನಗೆ ಎರಡು ಸಾಲು ಗೀಚಿ ಸುಮ್ಮನಾದವನು, ತಮ್ಮನಿಗೆ ಫೋನ್ ಮಾಡಿ ಟೈರಿನ ಹಲ್ಲಿನ ತನಕ ಬಿಡಿಸಿ ಹೇಳಿದ್ದೀಯ. ಯಾಕೆ?

ಒಳಗೆ ಕರೆದು ಕಾಫಿ ಕೊಟ್ಟೆ, ಆಗಷ್ಟೇ ಬೇಯಿಸಿದ ಏಲಕ್ಕಿ ಬ್ರೆಡ್ಡೂ ಇಟ್ಟೆ. ಅಣ್ಣ ಏನಂದ ಅಂತ ಕೇಳಿದ್ದೇ ತಡ, "ಸರಪಳಿ ಇನ್ನೂ ಬಿಗೀಬೇಕು" ಅಂತ ಎದ್ದುಹೋದ. ಬ್ರೆಡ್ಡನ್ನು ಅರ್ಧಕ್ಕೆ ಬಿಟ್ಟು ಏಳೋ ಗಂಡಸಲ್ಲ ಅವನು, ನಿನಗೂ ಗೊತ್ತು.

ಡೆಕ್ಕಿನ ಮೇಲೆ ಓಡಾಡುವಾಗ ತಲೆಗೆ ಟೋಪಿ ಹಾಕಿಕೋ. ದೇವರು ನಿನ್ನನ್ನೂ ಆ ಹಡಗಿನವರನ್ನೂ ದಡ ಸೇರಿಸಲಿ.

ನಿನ್ನ
ಸೈಮಿ

ಮತ್ತೆ: ಕವರು ಅಂಟಿಸೋ ಮುಂಚೆ ನಮ್ಮ ಶೆಡ್ಡಿಗೆ ಹೋಗಿ ಟ್ರ್ಯಾಕ್ಟರ್ ಹತ್ತಿ ಕೂತೆ. ನನ್ನ ಗಿಡ್ಡ ಕಾಲು ಪೆಡಲಿಗೆ ಸಲೀಸಾಗಿ ಸಿಕ್ಕಿತು. ಉರ್ಹೊ ಸೀಟನ್ನು ಮುಂದಕ್ಕೆ ತಂದು ಬೋಲ್ಟು ಬಿಗಿದಿದ್ದಾನೆ. ನೀವು ಅಣ್ಣತಮ್ಮ ಇಬ್ಬರೂ ಕೊಕ್ಕರೆ ಕಾಲಿನವರು. ಅಂದರೆ ಈ ಸಲ ಓಡಿಸಬೇಕಾದವಳು ನಾನೇ. ಉರ್ಹೊನ ಮನೆಗೇ ಹೋಗಿ ಜಬರಿಸಿದೆ, ಬಾಯಿಬಿಟ್ಟ. ಜನವರಿಯಿಂದ ಡುಲೂತ್ ಬಂದರಿನಲ್ಲಿ ನಿಲ್ಲೋ ಹಡಗನ್ನು ವಸಂತದ ತನಕ ಕಾಯೋ ಕೆಲಸ ಹಿಡಿದಿದ್ದೀಯಂತೆ. ಯಾರೂ ಹೇರಿದ್ದಲ್ಲ, ನೀನೇ ಕೇಳಿ ತಗೊಂಡದ್ದಂತೆ. ಹಿಮ ನಾನು ತೆಗೀತೀನಿ ರೇನೊ, ಅದಕ್ಕೆ ಅಳ್ತಿಲ್ಲ. ನನ್ನ ಜೊತೆ ಇರೋದಕ್ಕಿಂತ ಆ ಖಾಲಿ ಹಡಗಿನಲ್ಲಿ ಒಬ್ಬನೇ ಇರೋದು ಹಿತ ಅನ್ನಿಸಿತಾ? ಒಬ್ಬನೇ ಇರ್ತೀಯ ತಾನೆ?