ಅಮ್ಮನ ಪಿಂಚಣಿಗೆ ಅಪ್ಪನ ಒಪ್ಪಿಗೆ

ನ್ಯೂಲಿನ್, ಕಾರ್ನ್‌ವಾಲ್
೯ ನವೆಂಬರ್ ೨೦೦೬

ಪ್ರೀತಿಯ ಅಪ್ಪಾ,

ದೋಣಿಗೆ ಬಣ್ಣ ಬಳಿಯುವಾಗ ನೀನು ಗುನುಗುತ್ತಿದ್ದ ಸಾಲೊಂದಿತ್ತಲ್ಲ, ‘ಗಾಳಿ ತಿರುಗುವ ತನಕ ದಡ ಕಾದಿರುತ್ತದೆ’ ಅಂತಲೋ ಏನೋ. ಮುಂದಿನದು ನನಗೆ ಮರೆತಿದೆ. ನಿನ್ನೆಯಿಂದ ಆ ಸಾಲಿನ ಮೇಲೇ ಅನುಮಾನ. ದಡ ಎಲ್ಲಿ ಕಾಯುತ್ತದೆ? ಅದು ಸುಮ್ಮನೆ ಬಿದ್ದಿರುತ್ತದೆ. ಕಾಯುವವರು ಅದರ ಮೇಲೆ ನಿಂತವರು. ಅದಿರಲಿ, ನಿನ್ನ ಭುಜದ ನೋವು ಹೇಗಿದೆ? ಡೆನ್ಜಿಲ್ ತನ್ನ ದೋಣಿಯಲ್ಲಿ ನಿನಗೆ ಒಣಗಿದ ಹಾಸಿಗೆ ಕೊಟ್ಟಿದ್ದಾನಾ, ಇಲ್ಲಾ ಚಿಕ್ಕಪ್ಪ ಅಂತಲೂ ನೋಡದೆ ಹಗ್ಗದ ಜೊತೆ ಒದ್ದೆಯಲ್ಲೇ ಸುತ್ತಿಡುತ್ತಾನಾ? ಅರವತ್ತೆಂಟು ತುಂಬಿದವನು ಈ ಚಳಿಯಲ್ಲಿ ಬ್ರಿಕ್ಸ್‌ಹ್ಯಾಮ್‌ನಿಂದ ಕಡಲಿಗಿಳಿಯುವುದನ್ನು ನೆನೆದಾಗಲೆಲ್ಲ ರೇಡಿಯೊ ಹಚ್ಚುತ್ತೇನೆ. ರೇಡಿಯೊದಲ್ಲಿ ಬಿರುಗಾಳಿಯ ಮುನ್ಸೂಚನೆ ಬಂದರೆ ಅಮ್ಮ ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಿ, ಚಾಕು ಹಿಡಿದೇ ನಿಂತುಬಿಡುತ್ತಾಳೆ. ನಿನ್ನ ಭಾಗದ ಕಡಲಿನ ಹೆಸರು ದಾಟಿದ ಮೇಲೆಯೇ ಕೈ ಆಡುವುದು.

ನಿನ್ನೆ ಅವಳನ್ನು ಪಿಂಚಣಿ ಕಚೇರಿಗೆ ಕರೆದುಕೊಂಡು ಹೋಗಿದ್ದೆ. ಚರ್ಚಿಗೆ ಹೋಗುವ ಕೋಟು ಹಾಕಿಕೊಂಡು ಬಂದಿದ್ದಳು. ಅಲ್ಲಿದ್ದ ಹುಡುಗಿ ಒಳ್ಳೆಯವಳು, ಬಿಡಿಸಿ ಹೇಳಿದಳು: “ನಿಮ್ಮ ಹೆಸರಲ್ಲಿ ಕಂತು ಕಟ್ಟಿಲ್ಲ, ಮೇಡಂ. ಗಂಡ ಕಟ್ಟಿದ ಕಂತಿನ ಮೇಲೆ ಹೆಂಡತಿಗೂ ಒಂದು ಪಾಲು ಸಿಗುತ್ತೆ. ಆದ್ರೆ ಮೊದಲು ಅವ್ರು ತಮ್ಮ ಪಿಂಚಣಿ ತಗೊಳ್ಳೋಕೆ ಶುರು ಮಾಡ್ಬೇಕು. ಅಲ್ಲೀತನಕ ನಿಮಗೇನೂ ಬರಲ್ಲ.” ಅಮ್ಮ ಕೇಳಿದಳು: “ಹಾಗಾದ್ರೆ ಇಷ್ಟು ವರ್ಷ ಅವನ ಬಲೆ ರಿಪೇರಿ ಮಾಡಿದ್ದು ಯಾರು, ನಮ್ಮತ್ತೇನಾ?” ಹುಡುಗಿ ನಕ್ಕಳು. ಅಮ್ಮ ನಗಲಿಲ್ಲ.

“ತಡ ಮಾಡಿ ತಗೊಂಡಷ್ಟೂ ಪಿಂಚಣಿ ಬೆಳೆಯುತ್ತೆ ಬಿಡೇ” ಅಂತ ನೀನು ಹೇಳುತ್ತೀಯ. ನಿಜ, ಬೆಳೆಯುತ್ತದೆ. ಆದರೆ ನೀನು ಮುಂದೂಡುತ್ತಿರುವುದು ಅದಕ್ಕಲ್ಲ, ಬಂದರಿನ ಗೋಡೆ ಪಕ್ಕದ ಬೆಂಚಿಗೆ ಹೆದರಿ. ಪಿಂಚಣಿ ಶುರುವಾದವನು ಆ ಬೆಂಚಿಗೆ ಬಂದು ಕೂರಬೇಕು, ಆಮೇಲೆ ಯಾವ ದೋಣಿಯವರೂ ಅವನನ್ನು ಕರೆಯುವುದಿಲ್ಲ, ನಮ್ಮೂರ ಗಂಡಸರ ಕಟ್ಟಳೆ ಅದು. “ಹೆಡ್ಲೀ, ನಿನ್ನ ಜಾಗ ಬೆಚ್ಚಗಿಟ್ಟಿದ್ದೀವಿ ಕಣಯ್ಯಾ!” ಅಂತ ಮುದುಕ ಕ್ಲಾರೆನ್ಸ್ ಅಲ್ಲಿಂದ ಕೂಗಿದ ವಾರವೇ ನೀನು ಗಂಟು ಕಟ್ಟಿ ಬ್ರಿಕ್ಸ್‌ಹ್ಯಾಮ್ ಹಾದಿ ಹಿಡಿದದ್ದು ನನಗೆ ಗೊತ್ತಿಲ್ಲವೇ? ಆ ಹುಡುಗಿಯನ್ನು ನಾನು ಕೇಳಿದೆ ಅಪ್ಪಾ. ಪಿಂಚಣಿ ತೆಗೆದುಕೊಂಡೂ ಕಡಲಿಗೆ ಹೋಗಬಹುದು. ತಡೆಯುವ ಕಾನೂನು ಯಾವುದೂ ಇಲ್ಲ, ಇರುವುದು ಬೆಂಚಿನದು ಮಾತ್ರ.

ಅಮ್ಮ ನಿನಗೆ ಹೇಳಿಲ್ಲ. ಹೋದ ತಿಂಗಳಿಂದ ಅವಳು ಮೀನಿನ ಶೆಡ್ಡಿನಲ್ಲಿ ತಟ್ಟೆ ತೊಳೆಯುತ್ತಿದ್ದಾಳೆ. ಐಸ್ ನೀರಿಗೆ ಬೆರಳ ಗಿಣ್ಣುಗಳು ಬಿರಿದಿವೆ, ಸಂಜೆಯಾದರೆ ಕೆಮ್ಮು. ನೀನು ದುಡ್ಡು ಕಳಿಸುತ್ತೀಯ, ಇಲ್ಲವೆನ್ನುವುದಿಲ್ಲ. ಮೀನು ಸಿಕ್ಕಾಗ ಕಳಿಸುತ್ತೀಯ, ಸಿಗದಾಗ ಅವಳು ಕೇಳುವುದಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು, “ಕೇಳಿ ಕೇಳಿ ಇಸ್ಕೊಳ್ಳೋದು ಸಾಕಾಯ್ತು, ಮೊರ್ವೆನ್ನಾ” ಅಂದಳು. ಅವಳ ಎದೆ ಈ ಚಳಿಗಾಲ ತಡೆದೀತೇ ಅನ್ನುವುದೊಂದು ಭಯ. ತಡೆದರೂ ನಿನ್ನ ಮೇಲಿನ ಮನಸ್ಸು ತಡೆದೀತೇ ಅನ್ನುವುದು ಇನ್ನೊಂದು. ಎರಡರಲ್ಲಿ ಯಾವುದು ದೊಡ್ಡದೆಂದು ನನಗೇ ತಿಳಿಯುತ್ತಿಲ್ಲ.

ಮುಂದಿನ ಸಲ ದಡಕ್ಕೆ ಬಂದ ತಕ್ಷಣ ಪಿಂಚಣಿ ಕಚೇರಿಗೆ ಒಂದು ಫೋನ್ ಮಾಡು. ಬೆಂಚಿನವರಿಗೆ ನಾನು ಹೇಳುವುದಿಲ್ಲ, ಅಮ್ಮನೂ ಹೇಳುವುದಿಲ್ಲ. ಕತ್ತಿಗೆ ಉಣ್ಣೆಯ ಪಟ್ಟಿ ಸುತ್ತಿಕೋ. ಡೆನ್ಜಿಲ್‌ನನ್ನು ಕೇಳಿದೆನೆಂದು ಹೇಳು. ಕಡಲು ನಿನ್ನನ್ನು ಕ್ಷೇಮವಾಗಿ ಮನೆಗೆ ಕಳಿಸಲಿ.

ನಿನ್ನ ಮಗಳು,
ಮೊರ್ವೆನ್ನ

ಮರೆತಿದ್ದು: ಲಕೋಟೆ ಅಂಟಿಸುವಷ್ಟರಲ್ಲಿ ಪಕ್ಕದ ಮನೆಯ ಐವಿ ಕೇಸರಿ ಬನ್ನು ಹಿಡಿದು ಬಾಗಿಲಿಗೆ ಬಂದಳು. ಕಚೇರಿಯಲ್ಲಿ ಆದದ್ದನ್ನೆಲ್ಲ ಕೇಳಿ ತಲೆ ಅಲ್ಲಾಡಿಸಿದಳು. ಅವಳು ಅಂದದ್ದು ಒಳಗಿದ್ದ ಅಮ್ಮನ ಕಿವಿಗೂ ಬಿತ್ತು. ಅಮ್ಮ ಬೈಯಲಿಲ್ಲ ಅಪ್ಪಾ, “ಬಿಡ್ತು ಅನ್ನು” ಅಂತಲೂ ಅನ್ನಲಿಲ್ಲ. ಅದಕ್ಕೇ ಮತ್ತೆ ಕಾಗದ ಬಿಚ್ಚಿ ಬರೆಯುತ್ತಿದ್ದೇನೆ. ಐವಿ ಹೇಳಿದ್ದಿಷ್ಟು: “ನಮ್ಮ ಆಲ್ಬರ್ಟ್ ಮುಳುಗಿದ್ಮೇಲೆ ನಾನು ಹೋಗಿ ಕೇಳ್ದೆ, ಕೊಟ್ರು. ಯಾರ ಒಪ್ಪಿಗೇನೂ ಬೇಕಾಗ್ಲಿಲ್ಲ. ನಿಮ್ಮಮ್ಮನ ಗಂಡ ಬದುಕಿದ್ದಾನಲ್ಲೇ, ಅದೇ ತೊಂದರೆ ಆಗಿರೋದು.”