ಹಳೇ ಬೇರಿಂಗಿಗೆ ನನ್ನ ಸಹಿ

ಅಣ್ಣಾ,

ಡ್ರಾಯಿಂಗ್ ಟೀಚರ ಸೈಕಲ್ಲಿಗೆ ನೀನು ಹೊಸ ಬೇರಿಂಗ್ ಹಾಕಲಿಲ್ಲ. ಸವೆದ ಹಳೆಯವಕ್ಕೇ ಗ್ರೀಸ್ ಮೆತ್ತಿ ಮತ್ತೆ ಕೂರಿಸಿದ್ದೀಯ.

ಹಾಲು ಕಾಸಿಟ್ಟಿದ್ದೇನೆ. ಅಮ್ಮನಿಗೆ ಮಾತ್ರೆ ತಿಂಡಿಯಾದ ಮೇಲೆ ಕೊಡು. ಹೋದ ಸಲ ಖಾಲಿ ಹೊಟ್ಟೆಗೆ ಕೊಟ್ಟು ವಾಂತಿ ಮಾಡಿಸಿದ್ದು ನೆನಪಿರಲಿ.

ನಿನ್ನೆ ನೀನು ಅಂಗಡಿಯಿಂದ ಹೊರಟ ಮೇಲೆ ಆ ಸೈಕಲ್ಲಿನ ಸೀಟು ಹಿಡಿದು ಎತ್ತಿದೆ. ಹಿಂದಿನ ಚಕ್ರ ನೆಲ ಬಿಡುವ ಮೊದಲೇ ಕುಲುಕು ತಡೆಯುವ ಸಸ್ಪೆನ್ಷನ್ನಿನ ಕೀಲು, ಆ ಬೇರಿಂಗುಗಳು ಕೂರುವ ಜಾಗವೇ, ಟಕ್ಕೆಂದು ಅಲುಗಿತು. ಬಿಚ್ಚಿ ನೋಡಿದರೆ ಒಳಗೆಲ್ಲ ತುಕ್ಕು. ಹೊಸವು ಡಬ್ಬಿಯ ಸೀಲೂ ಒಡೆಯದೆ ಖಾನೆಯಲ್ಲೇ ಇವೆ. ಹಳೆಯವನ್ನು ಒತ್ತಿ ತೆಗೆಯುವ ಅರ್ಧ ದಿನದ ಕೆಲಸ ನಿನಗೆ ಭಾರವಾಯಿತು. ಭಾನುವಾರ ಟೀಚರು ಆ ಕೀಲನ್ನೇ ನಂಬಿ ಗುಡ್ಡ ಇಳಿಯುತ್ತಾರೆ. ಬಿದ್ದರೆ ಮುರಿಯುವುದು ನಿನ್ನ ಮೂಳೆಯಲ್ಲವಲ್ಲ!

ಬಟ್ಟೆ ಒಣಹಾಕು. ನಿನ್ನವೇ ಜಾಸ್ತಿ.

ರಿಪೇರಿ ಮಾಡಿದವರೇ ಕಾರ್ಡಿಗೆ ಸಹಿ ಹಾಕಿ ಹ್ಯಾಂಡಲ್ಲಿಗೆ ಕಟ್ಟಬೇಕೆಂಬುದು ಅಪ್ಪ ಅಂಗಡಿಗೆ ಹಾಕಿಕೊಟ್ಟ ಪದ್ಧತಿ. ರಾತ್ರಿ ಊಟಕ್ಕೆ ಕೂತಾಗ ನೀನೇನಂದೆ? "ನಿನ್ನ ಸಹಿ ಅಂದ್ರೆ ಟೀಚರು ಕಣ್ಮುಚ್ಚಿ ನಂಬ್ತಾರೆ ಕಣೇ, ಸುಮ್ನೆ ಗೀಚಿಬಿಡು." ಅಣ್ಣ ಕನ್ನ ಕೊರೆದರೆ ತಂಗಿ ದೀಪ ಹಿಡಿಯಬೇಕೇನು?

ಟೀಚರಿಗೆ ಫೋನ್ ಮಾಡಿ ಸೈಕಲ್ ಇವತ್ತು ಸಿಗುವುದಿಲ್ಲವೆಂದೂ, ಯಾಕೆ ಸಿಗುವುದಿಲ್ಲವೆಂದೂ ಹೇಳಿದ್ದೇನೆ. ಅಮ್ಮನಿಗೆ ಹೇಳಿಲ್ಲ. ಅದನ್ನು ನೀನೇ ಹೇಳು.

ಎದ್ದ ಮೇಲೆ ಅಂಗಡಿಗೆ ಬಾ. ಹೊಸ ಬೇರಿಂಗುಗಳನ್ನು ನಿನ್ನ ಕೈಯಾರೆ ಕೂರಿಸಿ, ಕಾರ್ಡಿಗೆ ನೀನೇ ಸಹಿ ಹಾಕು. ಕೈಹಿಡಿದು ಬರೆಸಿದರೂ ನಾನು ಹಾಕುವುದಿಲ್ಲ.