ದೂರವಾಣಿಯಲ್ಲಿ ಅಕ್ಕ

ಮಾಂಗೆರೆ, ಆಕ್ಲೆಂಡ್
ಆಗಸ್ಟ್ ೧೪, ೨೦೧೧

ಪ್ರೀತಿಯ ಮೆಲೆಆನಾ,

ನಿನ್ನ ಎರಡು ಪತ್ರಗಳು ಬಂದು ಮೇಜಿನ ಮೇಲೆ ಕುಳಿತಿವೆ, ಉತ್ತರಿಸದಿದ್ದುದನ್ನು ಮನ್ನಿಸು. ನಮ್ಮ ವವಾವು ದ್ವೀಪದ ಬಿಸಿಲಿಗೆ ನಿನ್ನ ಮಂಡಿನೋವು ಇಳಿದಿರಬಹುದು. ಇಲ್ಲಿ ಚಳಿ. ಒಗೆದ ಬಟ್ಟೆ ಒಣಗುವುದಿಲ್ಲ, ಉಡಲು ಇರುವುದು ಒಂದೇ ಜೊತೆ ಕಪ್ಪು ಬಟ್ಟೆ. ನನ್ನ ತಮ್ಮ ಸಿಯೋಸಿಫಾ ತೀರಿಕೊಂಡ. ಸಕ್ಕರೆ ಕಾಯಿಲೆ. ಮೊದಲು ಹೆಬ್ಬೆರಳು ಹೋಯಿತು, ಆಮೇಲೆ ಮೊಣಕಾಲಿನ ಕೆಳಗೆ, ಆಮೇಲೆ ಅವನೇ.

ಇಲ್ಲಿಯ ಚಿಕಿತ್ಸಾಲಯದವರು ನನ್ನ ದನಿಯನ್ನು ಮುದ್ರಿಸಿಕೊಂಡ ಸಂಗತಿಯನ್ನು ಕಳೆದ ವರ್ಷ ನಿನಗೆ ಹೆಮ್ಮೆಯಿಂದ ಬರೆದಿದ್ದೆ. ಯಂತ್ರವೊಂದು ರೋಗಿಗಳ ಮನೆಗೆ ತಾನಾಗಿ ಕರೆಮಾಡಿ, ನಮ್ಮ ಟೋಂಗಾ ಭಾಷೆಯಲ್ಲಿ, “ಇಂದು ನಡೆದಾಡಿದಿರಾ? ಪಾದಗಳನ್ನು ನೋಡಿಕೊಂಡಿರಾ? ಗಾಯವೇನಾದರೂ ಇದೆಯೆ?” ಎಂದು ವಿಚಾರಿಸುತ್ತದೆ. ಹೌದಾದರೆ ಒಂದನ್ನು, ಇಲ್ಲವಾದರೆ ಎರಡನ್ನು ಒತ್ತಬೇಕು. ಗಾಯವಿದೆಯೆಂದರೆ ದಾದಿ ಮನೆಗೆ ಬರುತ್ತಾಳೆ. ದಾದಿ ಆಮೆಲಿಯಾ ನನ್ನನ್ನು ಒಪ್ಪಿಸಿದ ಬಗೆಯೇ ಚಂದ: “ನಮ್ಮ ಹುಡುಗೀರ ಭಾಷೆ ಅರ್ಧ ಇಂಗ್ಲಿಷು, ಟೀಚರಮ್ಮ. ನಿಮ್ದೇ ಬೇಕು. ನೀವು ಗದರಿದ್ರೆ ಕುರಿಕೊಬ್ಬು ತಟ್ಟೆಯಿಂದ ತಾನೇ ಎದ್ದು ಹೋಗತ್ತೆ!”

ಸಿಯೋಸಿಫಾನಿಗೆ ಕಾಯಿಲೆಯಿರುವುದೇ ನನಗೆ ತಿಳಿದಿರಲಿಲ್ಲ. ತಿಳಿಯುವುದಾದರೂ ಹೇಗೆ? ನಿನ್ನ ಅಣ್ಣನೂ ನೀನಿರುವ ಕೋಣೆಯ ಹೊಸಿಲು ದಾಟದೆ ನಿಂತವನೇ ಅಲ್ಲವೆ? ನಾನು ದೊಡ್ಡವಳಾದಂದಿನಿಂದ, ನಮ್ಮ ಟೋಂಗಾದ ಕಟ್ಟಳೆಯಂತೆ, ನಾವಿಬ್ಬರೂ ಒಂದೇ ಚಾಪೆಯ ಮೇಲೆ ಕುಳಿತಿಲ್ಲ. ಅಕ್ಕನೆದುರು ತಮ್ಮ ಮೈಯ ಮಾತೆತ್ತಲಾರ, ಅಕ್ಕನೂ ಕೇಳಲಾರಳು. ಆ ಮರ್ಯಾದೆಯನ್ನು ಅವನು ಕಡೆಯವರೆಗೂ ಕಾದ.

ಕಾಲು ತೆಗೆದ ಮೇಲೆ ಅವನ ಹೆಂಡತಿ ವಿಕಾ ಬಂದು ನನ್ನ ಬಾಗಿಲಲ್ಲಿ ಕುಸಿದಳು.

“ಅತ್ತಿಗೆ, ಫೋನಲ್ಲಿ ನಿಮ್ಮ ದನಿ ಬಂದ್ರೆ ಸಾಕು, ಟೋಪಿ ತೆಗೆದು ನಿಂತ್ಕೊಳ್ಳೋರು. ನಮಸ್ಕಾರ ಅನ್ನೋವರ್ಗೂ ಕೇಳೋರು. ಪಾದ ಅಂದ ತಕ್ಷಣ ಫೋನನ್ನ ಚಾಪೆ ಮೇಲೆ ಮಲಗಿಸಿ ಹಿತ್ತಿಲಿಗೆ ಹೋಗಿಬಿಡೋರು.”

“ಅದು ಯಂತ್ರ ಅಂತ ನೀನಾದ್ರೂ ಹೇಳಬಾರದಿತ್ತೇನೇ?”

“ಹೇಳ್ದೆ! ‘ಯಂತ್ರ ಆದ್ರೇನು, ದನಿ ಅಕ್ಕಂದಲ್ವಾ? ಅಕ್ಕನ ಮುಂದೆ ಕಾಲು ಬಿಚ್ಚಿ ತೋರ್ಸೋಕೆ ನಾನೇನು ಹಂದಿನಾ?’ ಅಂದ್ರು. ನಾನೇ ಒತ್ತೋಕೆ ಹೋದ್ರೆ ಕೈ ಹಿಡ್ಕೊಂಡ್ಬಿಟ್ರು.”

ಉತ್ತರ ಬಾರದ ಮನೆಗೆ ಆಸಕ್ತಿಯಿಲ್ಲವೆಂದು ಯಂತ್ರ ಬರೆದುಕೊಂಡಿತು. ದಾದಿ ಹೋಗಲಿಲ್ಲ.

ಸತ್ತ ಮೇಲೆ ಕಟ್ಟಳೆಯೇ ನನ್ನನ್ನು ಅವನ ತಲೆಯ ಬಳಿ ಕುಳ್ಳಿರಿಸಿತು. ಐವತ್ತು ವರ್ಷಗಳ ಬಳಿಕ ಒಂದೇ ಚಾಪೆ. ಹೊದಿಸಿದ ಮರದ ತೊಗಟೆಯ ತಾಪಾ ಬಟ್ಟೆ ಕಾಲಿನ ಕಡೆ ಒಂದು ಬದಿಯಲ್ಲಿ ನೆಲಕ್ಕೇ ಅಂಟಿಕೊಂಡಿತ್ತು. ಅಲ್ಲಿಯೂ ನಾನು ಆ ಕಡೆ ನೋಡಲಿಲ್ಲ.

ನನ್ನ ದನಿಯನ್ನು ಅಳಿಸಿಬಿಡಿರೆಂದು ಚಿಕಿತ್ಸಾಲಯದಲ್ಲಿ ಕೇಳಿಕೊಂಡೆ. ಆಮೆಲಿಯಾ ಅತ್ತುಬಿಟ್ಟಳು. “ಹೇಗಮ್ಮ ಅಳಿಸ್ಲಿ? ನಿಮ್ಮ ದನಿ ಕೇಳಿ ಬೀದಿ ತುಂಬ ಜನ ನಡೀತಿದಾರೆ.” ನಿಜ, ನಡೆಯುತ್ತಿದ್ದಾರೆ. ಸಂಜೆಯಾದರೆ ನಮ್ಮ ಕಿಟಕಿಯ ಮುಂದೆಯೇ ಗುಂಪುಗುಂಪಾಗಿ, ನಗುತ್ತ ಹೋಗುತ್ತಾರೆ. ನಾನು ಪರದೆ ಎಳೆದುಕೊಳ್ಳುತ್ತೇನೆ.

ದೇವರು ನಿನ್ನನ್ನೂ ಹೊಸಿಲಿನಾಚೆ ನಿಂತಿರುವ ನಿನ್ನ ಅಣ್ಣನನ್ನೂ ಕಾಯಲಿ. ನನಗೆ ಪ್ರಾರ್ಥನೆಯ ಮಾತು ಹೊರಡುತ್ತಿಲ್ಲ. ನನ್ನ ಪಾಲಿನದನ್ನೂ ನೀನೇ ಮಾಡು.

ನಿನ್ನ
ಲೋಸೇಲಿ

ತಾ. ಕ.: ವಿಕಾ ಇದನ್ನು ನಿನ್ನೆಯಷ್ಟೇ ಹೇಳಿದಳು. ಗಾಯ ಕಪ್ಪುಗಟ್ಟಿದ ದಿನ ಅವನು ಫೋನನ್ನು ಕೆಳಗಿಡಲಿಲ್ಲವಂತೆ. ಗೋಡೆಗೆ ಮುಖಮಾಡಿ ನಿಂತು, “ಅಕ್ಕಾ, ತಪ್ಪು ತಿಳ್ಕೋಬೇಡ. ನನ್ನ ಕಾಲು ಕೊಳೀತಾ ಇದೆ. ಏನ್ಮಾಡ್ಲಿ, ನೀನೇ ಹೇಳು” ಎಂದನಂತೆ. ನಾನು ಉತ್ತರ ಕೊಟ್ಟೆ, ಮೆಲೆಆನಾ. ಒಂದು ಸ್ವರವೂ ಸೋಲದಂತೆ ಮತ್ತೆ ಮತ್ತೆ ತಿದ್ದಿ ಮುದ್ರಿಸಿದ್ದ ವಾಕ್ಯವದು: “ಕ್ಷಮಿಸಿ, ನಿಮ್ಮ ಉತ್ತರ ನನಗೆ ತಿಳಿಯಲಿಲ್ಲ. ವಂದನೆಗಳು.”